ತೊಳೆದ ಕೈಗವಸು

ಮಾರ್ಚ್ ೬

ವಿದ್ಯುತ್ ಪರೀಕ್ಷಾಲಯದ ಹಿರಿಯ ಪರೀಕ್ಷಕರಿಗೆ,

ಮೇಲಿನ ಸಾಲು ನೋಡಿ ಇದು ಕಚೇರಿಯ ಪತ್ರ ಎಂದುಕೊಳ್ಳುತ್ತೀರಿ. ಹಾಗೇ ಅಂದುಕೊಳ್ಳಿ. ಎರಡು ವರ್ಷ ಒಂದು ಸಾಲೂ ಬರೆಯದವಳು ಈಗ ಬರೆಯುತ್ತಿರುವುದು ಮಗಳಾಗಿ ಅಲ್ಲ. ನಮ್ಮ ಕಾರ್ಖಾನೆಯ ನೋಟಿಸ್ ಬೋರ್ಡಿನಲ್ಲಿ ನಿಮ್ಮ ಸಹಿ ನೋಡಿದೆ. ಕೊನೆಯ ಅಕ್ಷರದ ಬಾಲ ಎಳೆದು ಕೆಳಗೆ ಎರಡು ಚುಕ್ಕೆ ಇಡುವ ಆ ಸಹಿ ನನ್ನ ಶಾಲೆಯ ಅಂಕಪಟ್ಟಿಗಳ ಮೇಲೆಲ್ಲ ಇತ್ತು. ನೋಡಿದ ಕೂಡಲೇ ಉಗುಳಬೇಕೆನ್ನಿಸಿ ಬಾಯಿಯಲ್ಲಿ ಎಂಜಲು ತುಂಬಿತು. ಸುತ್ತ ಜನ ಇದ್ದರು, ನುಂಗಿಕೊಂಡೆ.

ಸಹಿಯ ಮೇಲೆ ಬರೆದಿರುವುದು ಇಷ್ಟು: ‘ಕಳುಹಿಸಲಾದ ರಬ್ಬರ್ ಕೈಗವಸುಗಳು ಪರೀಕ್ಷೆಯಲ್ಲಿ ತೇರ್ಗಡೆಯಾಗಿವೆ. ಯಾವುದೇ ದೋಷ ಕಂಡುಬಂದಿಲ್ಲ.’ ಅದರ ಕೆಳಗೆ ನಮ್ಮ ಆಡಳಿತದವರ ನೋಟಿಸು: ಕೈಗವಸು ಸರಿಯಾಗಿದ್ದುದರಿಂದ ಕೆಲಸಗಾರ್ತಿ ಅದನ್ನು ತೊಟ್ಟಿರಲೇ ಇಲ್ಲ ಎಂಬುದು ಸ್ಪಷ್ಟ, ತೊಟ್ಟಿದ್ದೆ ಎಂದು ಸುಳ್ಳು ಹೇಳಿದ್ದಾಳೆ, ವಿಚಾರಣೆ ಮುಗಿದ ಮೇಲೆ ಅವಳನ್ನು ಕೆಲಸದಿಂದ ತೆಗೆಯಲಾಗುವುದು.

ಆ ಕೆಲಸಗಾರ್ತಿ ಯಾರು ಎಂದು ನಿಮ್ಮ ವರದಿಯಲ್ಲಿ ಇಲ್ಲ, ನಾನು ಹೇಳುತ್ತೇನೆ. ಎಲ್ಲರೂ ಅವಳನ್ನು ಕಡ್ಡಿ ಎನ್ನುತ್ತಾರೆ, ಅಷ್ಟು ತೆಳ್ಳಗಿದ್ದಾಳೆ. ನಾವಿಬ್ಬರೂ ಕಾರ್ಖಾನೆಯವರೇ ಕೊಟ್ಟ ಒಂದು ಕೋಣೆಯಲ್ಲಿ ಇದ್ದೇವೆ. ಮೂರನೇ ಭಟ್ಟಿಯಲ್ಲಿ ಅವಳ ಪಾಳಿ ಮುಗಿದರೆ ನನ್ನದು ಶುರು. ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲ. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ. ಭಟ್ಟಿಗೆ ಕರೆಂಟಿನ ತಂತಿ ಕಚ್ಚಿಸುವ ಕ್ಲಾಂಪು ಬದಲಿಸುವಾಗ ಶಾಕ್ ಹೊಡೆದು ಬಿದ್ದಳು. ಒಂದು ಭಟ್ಟಿ ಆರಿಸಿದರೆ ಮೂರೂ ಆರುತ್ತವೆ ಎಂದು ನಮ್ಮಲ್ಲಿ ಕ್ಲಾಂಪನ್ನು ಕರೆಂಟು ಇರುವಾಗಲೇ ಬದಲಿಸುವುದು. ಅದಕ್ಕೇ ರಬ್ಬರ್ ಕೈಗವಸು. ಅವಳು ತೊಟ್ಟಿದ್ದಳು. ಬಲಗೈ ಬೆರಳುಗಳು ಈಗ ಮಡಚುವುದಿಲ್ಲ.

ನಿಮಗೆ ಇದೇನೂ ಹೊಸದಲ್ಲ. ನಿಮ್ಮ ಪರೀಕ್ಷಾಲಯದ ಮುಷ್ಕರದ ದಿನ ಜೊತೆಯವರೆಲ್ಲ ಗೇಟಿನಲ್ಲಿ ನಿಂತಿದ್ದಾಗ ಹಿಂಬಾಗಿಲಿನಿಂದ ಒಳಹೋಗಿ ಹಾಜರಿ ಹಾಕಿದವರು ನೀವು. ಅವತ್ತೇ ನಾನು ಮನೆ ಬಿಟ್ಟೆ. ಈಗ ನಿಮ್ಮ ಸಹಿ ನನ್ನನ್ನು ಹುಡುಕಿಕೊಂಡು ಇಲ್ಲಿಯವರೆಗೂ ಬಂದಿದೆ.

ಒಂದೇ ಪ್ರಶ್ನೆ. ಆ ಕೈಗವಸನ್ನು ನಿಜವಾಗಿ ನೋಡಿದಿರಾ, ಬರೀ ಸಹಿ ಹಾಕಿ ಕಳಿಸಿದಿರಾ?

ಇಂತಿ,
ಮೂರನೇ ಭಟ್ಟಿಯ ಕೆಲಸದವಳು


ಮಾರ್ಚ್ ೧೪

ಮಗಳೇ,

ಲಕೋಟೆಯ ಮೇಲೆ ನಿನ್ನ ಅಕ್ಷರ ಕಂಡು ನಿನ್ನ ಸೋದರತ್ತೆ ಒಲೆಯ ಮೇಲಿನ ಹಾಲು ಮರೆತಳು. ಅದನ್ನು ಕೆರೆದು ತೆಗೆಯುವುದರಲ್ಲಿ ಸಂಜೆ ಕಳೆಯಿತು. ‘ನೀವು’ ಎಂದು ಬರೆದಿದ್ದೀಯ. ಮನೆಯಲ್ಲಿದ್ದಾಗ ‘ನೀನು’ ಅನ್ನುತ್ತಿದ್ದೆ. ಇರಲಿ.

ಕೇಳಿದ್ದಕ್ಕೆ ಉತ್ತರ. ಆ ಜೋಡಿಯನ್ನು ಪರೀಕ್ಷಿಸಿದವನು ನಾನೇ, ನನ್ನ ಕೈಯಾರೆ. ಕೈಗವಸಿನೊಳಗೆ ನೀರು ತುಂಬಿ, ಅಂಚು ಮಾತ್ರ ಮೇಲೆ ಬಿಟ್ಟು, ನೀರಿನ ತೊಟ್ಟಿಯಲ್ಲಿ ಇಳಿಬಿಡುತ್ತೇವೆ. ಒಳಗಿನ ನೀರಿಗೊಂದು ತಂತಿ, ಹೊರಗಿನ ನೀರಿಗೊಂದು ತಂತಿ. ವೋಲ್ಟೇಜು ಏರಿಸುತ್ತ ಹೋಗುತ್ತೇವೆ. ರಬ್ಬರಿನಲ್ಲಿ ಕಣ್ಣಿಗೆ ಕಾಣದಷ್ಟು ತೂತಿದ್ದರೂ ಮೀಟರಿನ ಮುಳ್ಳು ಏಳುತ್ತದೆ. ಏಳಲಿಲ್ಲ. ರಬ್ಬರು ಚೆನ್ನಾಗಿತ್ತು. ಅದನ್ನೇ ಬರೆದೆ. ಯಾರು ತೊಟ್ಟಿದ್ದರು, ಯಾರು ತೊಟ್ಟಿರಲಿಲ್ಲ ಎಂದು ನಾನು ಬರೆದಿಲ್ಲ.

ಪರೀಕ್ಷೆಗೆ ಮೊದಲು ನಿಯಮದಂತೆ ಸಾಬೂನು ಹಾಕಿ ತೊಳೆದು ಒಣಗಿಸಬೇಕು. ಹಾಗೇ ಮಾಡಿದೆ. ತುಂಬ ಕೊಳೆಯಾಗಿದ್ದವು. ಬೇಸಿನ್ನು ಕಪ್ಪಾಗಿ, ಜಿಡ್ಡು ಬಿಡಿಸುವುದರಲ್ಲಿ ಅರ್ಧ ಬೆಳಗು ಹೋಯಿತು.

ನಾನೂ ಒಂದು ಕೇಳಬೇಕು. ಆ ಹುಡುಗಿಯ ಸುಟ್ಟ ಗಾಯ ಎಲ್ಲಿದೆ? ಅಂಗೈಯಲ್ಲೋ, ಮಣಿಕಟ್ಟಿನಲ್ಲೋ? ನೋಡಿ ಬರೆ.

ಅತ್ತೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ ಎಂದು ಕೇಳುತ್ತಿದ್ದಾಳೆ.

ಅಪ್ಪ


ಮಾರ್ಚ್ ೨೩

ಹಿರಿಯ ಪರೀಕ್ಷಕರೇ,

ಸಾಬೂನು ಹಾಕಿ ತೊಳೆದಿರಿ. ಅರ್ಧ ಬೆಳಗು ಉಜ್ಜಿದಿರಿ. ನಿಮ್ಮ ಪತ್ರವನ್ನು ನಾನು ಆಸ್ಪತ್ರೆಯ ವರಾಂಡದಲ್ಲಿ ಓದಿದೆ.

ಆ ಜಿಡ್ಡು ಏನು ಎಂದು ಒಮ್ಮೆಯಾದರೂ ಯೋಚಿಸಿದಿರಾ? ನಮ್ಮದು ಕಾರ್ಬನ್ ಬ್ರಷ್ಷಿನ ಕಾರ್ಖಾನೆ. ಮೋಟರಿನೊಳಗೆ ತಿರುಗುವ ಭಾಗಕ್ಕೆ ಉಜ್ಜಿಕೊಂಡು ಕರೆಂಟು ದಾಟಿಸುವ ಕರಿ ಬಿಲ್ಲೆಗಳನ್ನು ಒತ್ತಿ, ಬೇಯಿಸಿ, ಉಜ್ಜಿ ಕಳಿಸುತ್ತೇವೆ. ಗ್ರಾಫೈಟಿನ ಕರಿಪುಡಿ ನಮ್ಮ ಗಾಳಿ. ಮೂಗು ಸೀನಿದರೆ ಕಪ್ಪು, ಉಗುಳಿದರೆ ಕಪ್ಪು, ದಿಂಬಿನ ಮೇಲೆ ಬಾಯಿಯ ಆಕಾರದ ಕಪ್ಪು ಕಲೆ.

ಭಟ್ಟಿಗೆ ಇರುವುದು ಒಂದೇ ಜೋಡಿ ಕೈಗವಸು, ಮೂರೂ ಪಾಳಿಗೂ ಅದೇ. ಹಿಂದಿನವಳ ಬೆವರು ಒಳಗೆ ಇನ್ನೂ ಬೆಚ್ಚಗಿರುತ್ತದೆ. ಸತ್ತ ಪ್ರಾಣಿಯ ಹೊಟ್ಟೆಗೆ ಕೈ ಹಾಕಿದ ಹಾಗೆ. ಅಂಟಿಕೊಂಡು ಬೆರಳು ಒಳಗೆ ಹೋಗುವುದಿಲ್ಲ. ಮೊದಲು ಸ್ಟೋರಿನಲ್ಲಿ ಬಿಳಿ ಪೌಡರು ಕೊಡುತ್ತಿದ್ದರಂತೆ. ನಾನು ಬಂದ ಮೇಲೆ ಕೇಳಿದರೆ ಸ್ಟೋರಿನವನು ಹಲ್ಲುಕಿರಿದು, “ಪೌಡರ್ ಹಾಕ್ಕೊಂಡು ಯಾರನ್ನ ನೋಡೋಕೆ ಹೋಗ್ತೀರಮ್ಮ? ಭಟ್ಟಿನಾ?” ಅಂದ. ಅದಕ್ಕೆ ಎಲ್ಲರೂ ಒಂದು ಉಪಾಯ ಕಂಡುಕೊಂಡಿದ್ದಾರೆ. ನೆಲದಲ್ಲಿ ಬಿದ್ದಿರುವ ಕರಿಪುಡಿಯನ್ನೇ ಒಂದು ಹಿಡಿ ಕೈಗವಸಿನೊಳಗೆ ಸುರಿದು, ಕುಲುಕಿ, ಅಂಚಿಗೂ ಬಳಿದರೆ ಕೈ ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರುತ್ತದೆ. ಹೊರಮೈಗೆ ಬಳಿಯುವುದೇ ಬೇಡ, ಅಲ್ಲಿ ಮೊದಲೇ ಕೂತಿರುತ್ತದೆ. ಒಂದನೇ ಭಟ್ಟಿಯ ದೊಡ್ಡಮ್ಮ ಎಲ್ಲರಿಗಿಂತ ಹಳಬಳು, ಬಂದ ಮೊದಲ ವಾರ ನಮಗೆಲ್ಲ ಕಲಿಸಿಕೊಡುವವಳು ಅವಳೇ. ನೀವು ತೊಳೆದು ಬೇಸಿನ್ನಿಗೆ ಬಿಟ್ಟದ್ದು ಅದನ್ನು.

ನಾನು ಹೋಗಿ ಸುರಕ್ಷತಾ ಅಧಿಕಾರಿಗೆ ಹೇಳಿದೆ. ಅವನ ಮೇಜಿನ ಗಾಜು ಎಷ್ಟು ಚೊಕ್ಕಟ ಎಂದರೆ ಅದರಲ್ಲಿ ಅವನ ಗದ್ದ ಕಾಣುತ್ತದೆ.

“ಅಲ್ಲಮ್ಮ, ಕಾರ್ಬನ್ನು ಲೋಹನಾ? ಶಾಲೆಗೆ ಹೋಗಿದ್ದೀಯೋ ಇಲ್ವೋ? ಗಂಧಕ, ರಂಜಕ, ಇಂಗಾಲ ಎಲ್ಲ ಅಲೋಹ. ಅಲೋಹದಲ್ಲಿ ಕರೆಂಟು ಹರಿಯಲ್ಲ.”

“ಹಾಗಾದ್ರೆ ನಾವು ಮಾರೋದೇನು ಸಾರ್?”

“ಅದು ಗಟ್ಟಿ ಬ್ಲಾಕು. ಇದು ಧೂಳು.”

ಅವನಿಗೆ ನಗು ಬರಲಿಲ್ಲ. ನನಗೂ ಬರಲಿಲ್ಲ.

ಗಾಯ ಮಣಿಕಟ್ಟಿನಲ್ಲಿದೆ. ಸುತ್ತಲೂ ಬಳೆಯ ಹಾಗೆ. ಅಂಗೈ ಚೊಕ್ಕಟವಾಗಿದೆ, ಬೊಬ್ಬೆ ಕೂಡ ಇಲ್ಲ. ಪಟ್ಟಿ ಬಿಚ್ಚುವಾಗ ನೋಡಿದೆ. ನೋಡಿ ಹೊರಗೆ ಬಂದು ವಾಂತಿ ಮಾಡಿಕೊಂಡೆ. “ನನ್ನ ಕೈಗೆ ನಾನೇ ಅಳ್ತಿಲ್ಲ, ನಿಂದೇನೇ?” ಅಂದಳು ಕಡ್ಡಿ.

ನೀರು ಕಪ್ಪಾಗಿತ್ತು ಎಂದು ಬರೆದು ಕಳಿಸಿ. ಅಷ್ಟೇ. ನಿಮ್ಮಿಂದ ಕ್ರಾಂತಿ ಕೇಳುತ್ತಿಲ್ಲ.

ಇಂತಿ,
ಮೂರನೇ ಭಟ್ಟಿಯವಳು


ಏಪ್ರಿಲ್ ೨

ಮಗಳೇ,

ಅಂಗೈ ಸುಡದೆ ಮಣಿಕಟ್ಟು ಸುಟ್ಟಿದೆ ಎಂದ ಮೇಲೆ ಕೈಗವಸು ಕೈಯಲ್ಲಿತ್ತು. ಬರಿಗೈಯಲ್ಲಿ ಹಿಡಿದಿದ್ದರೆ ಸುಡುವುದು ಹಿಡಿದ ಜಾಗ. ಕರೆಂಟು ರಬ್ಬರನ್ನು ತೂರಿಲ್ಲ. ಹೊರಮೈಯ ಪುಡಿಯ ಮೇಲೆ ನಡೆದು, ಅಂಚು ಹತ್ತಿ, ಒಳಕ್ಕೆ ಇಳಿದು, ಮೊದಲು ಸಿಕ್ಕಿದ ಚರ್ಮಕ್ಕೆ ಹೊಕ್ಕಿದೆ.

ನಿಮ್ಮ ಅಧಿಕಾರಿ ಹೇಳಿದ್ದು ಅರ್ಧ ಸರಿ, ಅದೇ ತೊಂದರೆ. ಗಂಧಕ ಹರಿಸುವುದಿಲ್ಲ. ಸೆಲೀನಿಯಂ ಎಂಬ ಇನ್ನೊಂದು ಅಲೋಹ ಕತ್ತಲಲ್ಲಿ ಮೊಂಡು ಹಿಡಿದು ಬೆಳಕು ಬಿದ್ದರೆ ಹರಿಸುತ್ತದೆ. ಅಲೋಹ ಎಂದು ಹೆಸರಿಟ್ಟವರು ನಾವು, ಅವುಗಳಿಗೆ ಅದು ತಿಳಿಯದು. ಇಂಗಾಲದ ಒಂದೊಂದು ಪರಮಾಣುವಿಗೂ ನಾಲ್ಕು ಕೈ ಎಂದುಕೋ. ವಜ್ರದಲ್ಲಿ ನಾಲ್ಕೂ ಕೈ ನಾಲ್ಕು ನೆರೆಯವರನ್ನು ಬಿಗಿಯಾಗಿ ಹಿಡಿದಿವೆ. ಅದಕ್ಕೇ ಅದು ಗಟ್ಟಿ, ಅದಕ್ಕೇ ಕರೆಂಟನ್ನು ಬಿಡದು. ಗ್ರಾಫೈಟಿನಲ್ಲಿ ಮೂರು ಕೈ ಮಾತ್ರ ಹಿಡಿದು ಹಾಳೆಯ ಹಾಗೆ ಹರಡಿಕೊಂಡಿವೆ. ನಾಲ್ಕನೆಯದರ ಎಲೆಕ್ಟ್ರಾನು ಯಾರ ಪಾಲಿಗೂ ಸೇರದೆ ಹಾಳೆಯ ತುಂಬ ಓಡಾಡುತ್ತದೆ. ಹಾಳೆಗೂ ಹಾಳೆಗೂ ನಡುವೆ ಹಿಡಿತ ಸಡಿಲ, ಹಾಗಾಗಿ ಒಂದರ ಮೇಲೊಂದು ಜಾರುತ್ತವೆ. ಜಾರುತ್ತದೆ ಎಂದು ತಾನೇ ನೀವು ಅದನ್ನು ಹಾಕಿಕೊಂಡದ್ದು? ಅದು ಜಾರುವುದಕ್ಕೂ ಕರೆಂಟು ಹರಿಸುವುದಕ್ಕೂ ಕಾರಣ ಒಂದೇ.

ಇದು ನನಗೆ ಗೊತ್ತಿದೆ. ಗೊತ್ತಿರುವುದು ಬೇರೆ, ನೋಡಿರುವುದು ಬೇರೆ. ಊಹೆಯ ಮೇಲೆ ನಾನು ಸಹಿ ಹಾಕುವುದಿಲ್ಲ. ನಿಮ್ಮ ಭಟ್ಟಿಯ ಪುಡಿ ಒಂದು ಹಿಡಿ ಕಳಿಸು. ಸಾಧ್ಯವಾದರೆ ತೊಳೆಯದ ಹಳೆಯ ಜೋಡಿಯೊಂದನ್ನೂ ಕಳಿಸು, ಒಂದನೇ ಭಟ್ಟಿಯದೋ ಎರಡನೆಯದೋ.

ನಿನ್ನ ಪತ್ರದಲ್ಲಿ ಊಟದ ವಿಷಯ ಇಲ್ಲ ಎಂದು ಅತ್ತೆ ಗಮನಿಸಿದ್ದಾಳೆ.

ಅಪ್ಪ


ಏಪ್ರಿಲ್ ೧೬

ಪರೀಕ್ಷಕರೇ,

ಪುಡಿ ಈ ಪೊಟ್ಟಣದಲ್ಲಿದೆ. ಕೈಗವಸು ಇಲ್ಲ. ಯಾಕೆ ಇಲ್ಲ ಎಂದು ಬರೆಯುವುದಕ್ಕೂ ನಾಚಿಕೆ.

ನಾನು ಓದಿದ ಕರಪತ್ರಗಳಲ್ಲಿ ದುಡಿಯುವ ಕೈಗಳು ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಆ ಕೈಗಳನ್ನು ನಾನು ಮಂಗಳವಾರ ಕ್ಯಾಂಟೀನಿನಲ್ಲಿ ನೋಡಿದೆ. ಎಲ್ಲ ಕೈಗಳೂ ತಟ್ಟೆಯಲ್ಲಿದ್ದವು. ಬೆಂಚಿನ ಮೇಲೆ ನಿಂತು, ಕಡ್ಡಿಗಾಗಿ ಒಂದು ಮಾತು ಹೇಳಿ ಸಾಕು, ನಾವೆಲ್ಲ ಪುಡಿ ಹಾಕುತ್ತೇವೆ ಎಂದು ಬರೆದುಕೊಡಿ ಎಂದು ಕೇಳಿದೆ.

“ಯಾವ ಪುಡಿ?” ಅಂದಳು ದೊಡ್ಡಮ್ಮ, ತಲೆ ಎತ್ತದೆ. “ನಾನಂತೂ ಹಾಕಲ್ಲಮ್ಮ.”

“ನಿನ್ನ ಉಗುರಿನಲ್ಲಿರೋದು ಏನು ದೊಡ್ಡಮ್ಮ?”

“ಇಲ್ಲಿ ಯಾರ ಉಗುರು ಬೆಳ್ಳಗಿದೆ, ತೋರಿಸು.”

ಎಲ್ಲರೂ ನಕ್ಕರು. ಅನ್ನ ಬಾಯಲ್ಲಿಟ್ಟುಕೊಂಡೇ ನಕ್ಕರು. ಎರಡನೇ ಭಟ್ಟಿಯ ಒಬ್ಬಳು, ಕಡ್ಡಿ ಜ್ವರ ಬಂದು ಮಲಗಿದ್ದಾಗ ಅವಳ ಪಾಳಿಯನ್ನೂ ತಾನೇ ಮಾಡಿದವಳು, ಮೆತ್ತಗೆ ಅಂದಳು: “ನಿನ್ನ ಆ ಹಾಳೆಗಳಲ್ಲಿ ಕೆಲಸ ಹೋದ ಮೇಲೆ ಏನು ತಿನ್ನಬೇಕು ಅಂತ ಬರ್ದಿದ್ದಾರಾ? ಬರ್ದಿದ್ರೆ ಓದು. ಕೇಳ್ತೀವಿ.”

“ಅವಳು ಸುಳ್ಳಿ ಅಂತ ಬೋರ್ಡಲ್ಲಿ ಹಾಕಿದ್ದಾರೆ ಅಕ್ಕ.”

“ಹಾಕಿದ್ದಾರೆ. ನಾನೂ ಓದ್ದೆ.”

ಮರುದಿನ ಹೋದರೆ ಮೂರೂ ಭಟ್ಟಿಗೆ ಹೊಸ ಕೈಗವಸು ಬಂದಿದೆ. ಪಕ್ಕದಲ್ಲಿ ಬಿಳಿ ಪೌಡರಿನ ಡಬ್ಬಿ, ಇಷ್ಟು ದಿನ ಎಲ್ಲಿತ್ತೋ. ಹಳೆಯವನ್ನು ಕಾಂಪೌಂಡಿನ ಹಿಂದೆ ಸುಡುತ್ತಿದ್ದರು. ರಬ್ಬರಿನ ಹೊಗೆ ಇಡೀ ದಿನ ಗಂಟಲಿನಲ್ಲಿ ಕೂತಿತ್ತು. ಹೊಸ ಕೈಗವಸು ಮೆತ್ತಗಿದೆ ಎಂದು ಎಲ್ಲರೂ ಸಂತೋಷವಾಗಿದ್ದಾರೆ. ಇವರಿಗಾಗಿ ನಾನು ಯಾಕೆ ಓದಿದೆ, ಯಾಕೆ ಮನೆ ಬಿಟ್ಟೆ ಎಂದು ಮೊದಲ ಸಲ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೂ ಹೇಸಿಗೆಯಾಯಿತು.

ಕಡ್ಡಿಗೆ ಹೇಳಿದರೆ, “ದೊಡ್ಡಮ್ಮನ್ನ ಏನೂ ಅನ್ನಬೇಡ. ಅವಳ ಮಗಳು ಹೆರಿಗೆಗೆ ಬಂದಿದ್ದಾಳೆ” ಅಂದಳು.

ವಿಚಾರಣೆ ಜೂನಿನಲ್ಲಿ ಅಂತೆ.

ಇಂತಿ,
ಭಟ್ಟಿಯವಳು


ಮೇ ೩

ಮಗಳೇ,

ಪರೀಕ್ಷೆ ಮಾಡಿದೆ. ಹೊಸ ಕೈಗವಸು ತೆಗೆದುಕೊಂಡು ಮೊದಲು ಹಾಗೇ ನೋಡಿದೆ, ಮುಳ್ಳು ಅಲ್ಲಾಡಲಿಲ್ಲ. ನೀನು ಕಳಿಸಿದ ಪುಡಿಯನ್ನು ಒಳಗೂ ಹೊರಗೂ ಅಂಚಿಗೂ ಉಜ್ಜಿ ಮತ್ತೆ ಇಳಿಬಿಟ್ಟೆ. ನಿಮ್ಮ ಭಟ್ಟಿಯ ವೋಲ್ಟೇಜಿನ ಅರ್ಧ ಮುಟ್ಟುವ ಮೊದಲೇ ನಮ್ಮ ಫ್ಯೂಸು ಹಾರಿತು. ತೆಗೆದು ನೋಡಿದರೆ ಅಂಚಿನ ಮೇಲೆ ತೆಳ್ಳನೆಯ ಕಂದು ಗೆರೆ. ನಿಮ್ಮ ಜೋಡಿಯಲ್ಲೂ ಅಂಥದ್ದು ಇತ್ತು. ಹಳೆಯ ಕಲೆ ಎಂದು ಬ್ರಷ್ಷಿನಲ್ಲಿ ಉಜ್ಜಿದ್ದೆ.

ಇದನ್ನೆಲ್ಲ ಬರೆದು ನಿರ್ದೇಶಕರ ಬಳಿ ಒಯ್ದೆ. ಅವರು ಒಳ್ಳೆಯವರು, ಕೂರಿಸಿ ಟೀ ತರಿಸಿದರು. “ತೊಳೆದು ಪರೀಕ್ಷೆ ಮಾಡಿ ಅನ್ನೋದು ನಿಯಮ. ನೀವು ಪಾಲಿಸಿದ್ದೀರಿ. ಈಗ ತೊಳೆದದ್ದೇ ತಪ್ಪು ಅಂತ ಬರೆದ್ರೆ ಇಷ್ಟು ವರ್ಷ ತೊಳೆದದ್ದೆಲ್ಲ ಏನಾಗ್ಬೇಕು ಮೇಷ್ಟ್ರೇ?” ಅಂದರು. ನನ್ನನ್ನು ಅಲ್ಲಿ ಎಲ್ಲರೂ ಮೇಷ್ಟ್ರು ಎನ್ನುತ್ತಾರೆ. ಈ ಕಾಗದ ಇಲ್ಲಿಂದ ಆಚೆ ಹೋಗುವುದಿಲ್ಲ, ನೀವೂ ಆ ವಿಚಾರಣೆಗೆ ಹೋಗುವುದು ಬೇಡ ಎಂದರು. ನನಗೆ ನಿವೃತ್ತಿಗೆ ಇನ್ನು ಎಷ್ಟು ಉಳಿದಿದೆ ಎಂದೂ ವಿಚಾರಿಸಿದರು.

ಇಷ್ಟು ವರ್ಷ ತೊಳೆದದ್ದೆಲ್ಲ ಎಂಬ ಮಾತು ನನ್ನನ್ನು ಬಿಡುತ್ತಿಲ್ಲ.

ಅಪ್ಪ


ಮೇ ೯

ಪರೀಕ್ಷಕರೇ,

ಟೀ ಚೆನ್ನಾಗಿತ್ತೇ?

ನಿಮ್ಮ ಪತ್ರವನ್ನು ಕಡ್ಡಿಗೆ ಓದಿ ಹೇಳಲಿಲ್ಲ. ನಿಮ್ಮ ಅಪ್ಪ ಏನಂದ್ರು ಎಂದು ಕೇಳಿದಳು. ಪತ್ರ ಬಂದಿಲ್ಲ ಎಂದೆ. ನನ್ನ ಬಾಯಲ್ಲಿ ಒಂದು ಸುಳ್ಳು ಹುಟ್ಟಿಸಿದಿರಿ.

ಫ್ಯೂಸು ಹಾರಿದ್ದನ್ನು ಕಣ್ಣಾರೆ ಕಂಡು ಸುಮ್ಮನಿರುವ ಮನುಷ್ಯನಿಗೂ ಬ್ಲಾಕು ಬೇರೆ ಧೂಳು ಬೇರೆ ಎನ್ನುವ ಮನುಷ್ಯನಿಗೂ ಏನು ವ್ಯತ್ಯಾಸ? ಅವನಿಗೆ ಗೊತ್ತಿಲ್ಲ. ನಿಮಗೆ ಗೊತ್ತಿದೆ. ಅವನೇ ವಾಸಿ.

ಇನ್ನು ಬರೆಯಬೇಡಿ. ನಾನೂ ಬರೆಯುವುದಿಲ್ಲ.

ಇಂತಿ


ಜೂನ್ ೧೯

ಪ್ರೀತಿಯ ಅತ್ತೆ,

ನಿಮ್ಮ ಅಣ್ಣ ಇಲ್ಲಿ ಏನು ಮಾಡಿದರು ಎಂದು ಅವರು ನಿಮಗೆ ಹೇಳಿರುವುದಿಲ್ಲ. ಹೇಳಿದ್ದರೂ ‘ಹೋಗಿ ಬಂದೆ’ ಅಂದಿರುತ್ತಾರೆ. ಅದಕ್ಕೆ ನಾನು ಬರೆಯುತ್ತಿದ್ದೇನೆ.

ವಿಚಾರಣೆ ಕಾರ್ಖಾನೆಯ ಮಹಡಿಯ ಸಭಾಕೋಣೆಯಲ್ಲಿ. ಹೊರಗಿನಿಂದ ಬಂದ ವಿಚಾರಣಾಧಿಕಾರಿ ಮೇಜಿನ ತಲೆಯಲ್ಲಿ ಕೂತಿದ್ದರು, ಪಕ್ಕದಲ್ಲಿ ನಮ್ಮ ಸುರಕ್ಷತಾ ಅಧಿಕಾರಿ. ಭಟ್ಟಿಯವರನ್ನೆಲ್ಲ ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಕುರ್ಚಿ ಕೊಳೆಯಾಗುತ್ತದೆ ಎಂದು ಕೂರಿಸಲಿಲ್ಲ. ಪರೀಕ್ಷಾಲಯದ ವರದಿ ಓದಿದರು. ಮುಗಿಯಿತು ಎನ್ನುವ ಹೊತ್ತಿಗೆ ಬಾಗಿಲಲ್ಲಿ ಕಾವಲುಗಾರ ಯಾರನ್ನೋ ತಡೆಯುವ ಸದ್ದು. “ಆ ಸಹಿ ನನ್ನದು” ಎನ್ನುತ್ತಿದ್ದರು ಅಪ್ಪ. ಅಷ್ಟನ್ನೇ ಹೇಳುತ್ತಿದ್ದರು, ಜೋರಾಗಿ ಅಲ್ಲ, ಮತ್ತೆ ಮತ್ತೆ. ಕೊನೆಗೆ ವಿಚಾರಣಾಧಿಕಾರಿಯೇ ಒಳಗೆ ಬಿಡಿ ಎಂದರು.

ಎಷ್ಟು ಸಣ್ಣವರಾಗಿದ್ದಾರೆ ಅತ್ತೆ. ಅಂಗಿಯ ಕಾಲರಿನಲ್ಲಿ ಕತ್ತು ಅಲ್ಲಾಡುತ್ತಿತ್ತು. ನನ್ನ ಕಡೆ ನೋಡಲಿಲ್ಲ. ಬ್ಯಾಗಿನಿಂದ ಎರಡು ಕೈಗವಸು, ಕೈಯಲ್ಲಿ ತಿರುಗಿಸುವ ಒಂದು ಮೀಟರು ತೆಗೆದು ಮೇಜಿನ ಮೇಲಿಟ್ಟರು. ಒಂದು ಕೈಗವಸು ತೊಳೆದದ್ದು, ಒಂದು ಕರಿಪುಡಿ ಬಳಿದದ್ದು. ಎರಡೂ ಒಂದೇ ದಿನ ಕೊಂಡವು ಎಂದರು. ತಂತಿ ಸಿಕ್ಕಿಸಿ ಮೀಟರನ್ನು ಸುರಕ್ಷತಾ ಅಧಿಕಾರಿಯ ಮುಂದೆ ಸರಿಸಿ, “ನೀವೇ ತಿರುಗಿಸಿ ಸಾರ್” ಅಂದರು.

ಅವನು ತಿರುಗಿಸಿದ. ತೊಳೆದದ್ದಕ್ಕೆ ಮುಳ್ಳು ಕರೆಂಟು ಹರಿಯದು ಎನ್ನುವ ಆ ತುದಿಯಲ್ಲೇ ನಿಂತಿತು, ಪುಡಿಯದ್ದಕ್ಕೆ ಹರಿಯುತ್ತದೆ ಎನ್ನುವ ಈ ತುದಿಗೆ ಬಂದು ಬಿತ್ತು. ಇನ್ನೂ ಜೋರಾಗಿ ತಿರುಗಿಸಿದ, ಜೋರಾಗಿ ತಿರುಗಿಸಿದರೆ ಕಾರ್ಬನ್ನು ಅವನ ಮಾತು ಕೇಳುತ್ತದೆ ಎನ್ನುವ ಹಾಗೆ. ಮೇಜಿನ ಗಾಜಿನ ಮೇಲೆಲ್ಲ ಕಪ್ಪು ಉದುರಿತು.

“ಕಾರ್ಬನ್ನು ಅಲೋಹ” ಅಂದ.

“ಹೌದು ಸಾರ್” ಅಂದರು ಅಪ್ಪ. “ನನ್ನ ಹತ್ತಿರ ಬಂದ ಜೋಡಿಯೂ ಹೀಗೇ ಇತ್ತು. ನಾನು ತೊಳೆದೆ. ವರದಿಯಲ್ಲಿ ಇರೋದು ತೊಳೆದ ಮೇಲಿನ ಮಾತು.”

ವಿಚಾರಣಾಧಿಕಾರಿ ಕಡ್ಡಿಯನ್ನು ಕರೆದರು. ಅವಳು ಪಟ್ಟಿ ಬಿಚ್ಚಿ ಮಣಿಕಟ್ಟು ತೋರಿಸಿದಳು, ಆಮೇಲೆ ಅಂಗೈ. ಪುಡಿ ಹಾಕಿದ್ದು ಯಾರು, ಎಲ್ಲರೂ ಹಾಕುತ್ತಾರಾ ಎಂದು ಕೇಳಿದರು. “ನಾನು ಹಾಕ್ಕೊಂಡೆ. ಬೇರೆಯವರದ್ದು ಬೇರೆಯವರನ್ನ ಕೇಳಿ” ಅಂದಳು. ನಾನು ಮುಂದೆ ಬಂದು, “ನಾನೂ ಹಾಕ್ತಿದ್ದೆ. ಸ್ಟೋರಿನವರು ಪೌಡರ್ ನಿಲ್ಲಿಸಿದ್ದಕ್ಕೆ ಹಾಕ್ತಿದ್ವಿ. ಕರೆಂಟು ಆರಿಸದೆ ಕ್ಲಾಂಪು ಬದಲಿಸೋದು ಯಾರ ನಿಯಮ?” ಎಂದೆ. ಅದು ಈ ವಿಚಾರಣೆಯ ವಿಷಯವಲ್ಲ ಎಂದರು. ಗೋಡೆಯ ಕಡೆ ತಿರುಗಿದೆ. ದೊಡ್ಡಮ್ಮ ಕೆಮ್ಮಿದಳು. ಇನ್ಯಾರೂ ಅದನ್ನೂ ಮಾಡಲಿಲ್ಲ. ಬಿಳಿ ಗೋಡೆಯ ಮೇಲೆ ಅವರ ಬೆನ್ನಿನ ಆಕಾರದ ಕಪ್ಪು ಕಲೆಗಳು ಮಾತ್ರ ಉಳಿದವು.

ಆಮೇಲೆ ಬಸ್ ನಿಲ್ದಾಣದ ತನಕ ಅಪ್ಪನ ಜೊತೆ ನಡೆದೆ. ನೀವು ಕಳಿಸಿದ ಪೊಟ್ಟಣ ಕೊಟ್ಟರು. ಏನಾದರೂ ಹೇಳುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರೂ ಕಾಯುತ್ತಿದ್ದರು ಅನ್ನಿಸುತ್ತದೆ. ಬಸ್ಸು ಬಂತು.

ನಿಮ್ಮ ಸೋದರ ಸೊಸೆ


ಜೂನ್ ೩೦

ಮಗಳೇ,

ಬರೆಯಬೇಡಿ ಎಂದು ನೀನು ಹೇಳಿದ್ದೆ. ಒಂದು ವಿಷಯ ತಿಳಿಯಬೇಕಾಗಿರುವುದರಿಂದ ಬರೆಯುತ್ತಿದ್ದೇನೆ. ಆ ಹುಡುಗಿಯ ಆದೇಶ ಬಂತೇ? ಏನೆಂದು ಬಂತು?

ನನ್ನನ್ನು ಉಗ್ರಾಣಕ್ಕೆ ಹಾಕಿದ್ದಾರೆ. ಹಳೆಯ ಮೀಟರುಗಳ ಲೆಕ್ಕ. ಕಿಟಕಿ ಇಲ್ಲ ಎಂಬುದನ್ನು ಬಿಟ್ಟರೆ ತೊಂದರೆ ಇಲ್ಲ. ನನ್ನ ಜಾಗಕ್ಕೆ ಬಂದವನು ಕೆಲಸದಲ್ಲಿ ಚುರುಕು, ಚೆನ್ನಾಗಿ ತೊಳೆಯುತ್ತಾನೆ. ತೊಳೆಯುವ ಮೊದಲು ಒಂದು ಸಲ ನೋಡಿ ಬರೆದಿಡಪ್ಪ ಎಂದೆ. ಆಗಲಿ ಎಂದ. ಬರೆಯುತ್ತಾನೋ ಇಲ್ಲವೋ ತಿಳಿಯದು.

ಬೆರಳುಗಳಿಗೆ ಬಿಸಿನೀರಿನ ಅಭ್ಯಾಸ ಬಿಡಬಾರದು ಎಂದು ಅವಳಿಗೆ ಹೇಳು.

ಅಪ್ಪ


ಜುಲೈ ೧೨

ಅಪ್ಪನಿಗೆ,

ಆದೇಶ ಬಂತು. ‘ಅಪಘಾತದ ವೇಳೆ ಕೆಲಸಗಾರ್ತಿ ಕೈಗವಸು ತೊಟ್ಟಿದ್ದರು ಎಂಬುದು ಸಾಬೀತಾಗಿದೆ’ ಎಂದು ಅದರಲ್ಲಿದೆ. ನೀವು ಕೇಳಿದ್ದು ಇದನ್ನೇ ಎಂದು ಮೊದಲು ಬರೆದೆ. ಕಡ್ಡಿ ಆ ಸಾಲನ್ನು ನನ್ನಿಂದ ಎರಡು ಸಲ ಓದಿಸಿ, “ಬೋರ್ಡಲ್ಲಿ ಹಾಕ್ತಾರಾ?” ಎಂದು ಕೇಳಿದಳು. ಹಾಕಿದ್ದಾರೆ. ಜನ ನಿಂತು ಓದಿ ಹೋಗುತ್ತಾರೆ. ದೊಡ್ಡಮ್ಮ ಹಣ್ಣು ತಂದಿದ್ದಳು. ನಾನು ಕೋಣೆಯಿಂದ ಆಚೆ ಹೋದೆ. ಕಡ್ಡಿ ಅವಳನ್ನು ಕೂರಿಸಿಕೊಂಡು ಮೊಮ್ಮಗುವಿನ ವಿಷಯ ಕೇಳಿದಳಂತೆ.

ಅದರ ಮುಂದಿನ ಸಾಲು ಹೀಗಿದೆ: ನಿಯಮಕ್ಕೆ ವಿರುದ್ಧವಾಗಿ, ಸ್ವಂತ ಇಚ್ಛೆಯಿಂದ ಕೈಗವಸಿಗೆ ಪುಡಿ ಬಳಸಿದ್ದೇ ಅಪಘಾತಕ್ಕೆ ಕಾರಣ. ಇದನ್ನು ಒಪ್ಪಿ ಸಹಿ ಹಾಕಿದರೆ ಕಾರ್ಖಾನೆಯವರು ಕರುಣೆಯಿಂದ ಅವಳಿಗೆ ಲೇಬಲ್ ಅಂಟಿಸುವ ಕೆಲಸ ಕೊಡುತ್ತಾರೆ, ಕೋಣೆಯೂ ಉಳಿಯುತ್ತದೆ. ನನಗೂ ಅಂಥದ್ದೇ ಒಂದು ಕಾಗದ ಕೊಟ್ಟರು, ಕ್ಷಮೆ ಕೇಳಿ ಬರೆದುಕೊಡು ಎಂದು. ಸುರಕ್ಷತಾ ಅಧಿಕಾರಿಯ ಗಾಜಿನ ಮೇಲೇ ಅದನ್ನು ಹರಿದು ಹಾಕಿ ಬಂದೆ. ಇವತ್ತಿಗೆ ನನ್ನ ಕೆಲಸದ ಲೆಕ್ಕ ಮುಗಿಯಿತು.

ನನ್ನ ಹಾಗೇ ಅವಳೂ ಹರಿಯುತ್ತಾಳೆ ಎಂದುಕೊಂಡಿದ್ದೆ. ಕೋಣೆಗೆ ಬಂದರೆ ಅವಳು ಆ ಕಾಗದವನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಳು. ಎಡಗೈಯಲ್ಲಿ ಪೆನ್ನು.

“ಇದರಲ್ಲಿ ಸ್ಟೋರಿನವನ ವಿಷಯ ಇಲ್ಲ” ಎಂದೆ. “ಕರೆಂಟು ಇರುವಾಗ ಕ್ಲಾಂಪು ಬದಲಿಸೋದು ಇಲ್ಲ. ಎಲ್ಲ ನಿನ್ನ ತಲೆ ಮೇಲೆ ಹಾಕಿದ್ದಾರೆ.”

“ಸುಳ್ಳಿ ಅಂತ ಇದ್ಯಾ?”

“ಇಲ್ಲ.”

“ಮತ್ತೆ?”

“ಥೂ, ಹೇಗೆ ಹಾಕ್ತೀಯೇ ಸಹಿ? ಕೈ ಕಿತ್ಕೊಂಡು ಅದಕ್ಕೆ ನೀನೇ ಕಾರಣ ಅಂತ ಬರ್ದಿದ್ದಾರೆ.”

“ನಿಂಗೆ ಬೇಡ ಅನ್ನೋಕೆ ಆಗುತ್ತೆ ಕಣೇ” ಅಂದಳು. ಸಿಟ್ಟೇನೂ ಇರಲಿಲ್ಲ. “ಬೇಡ ಅಂದ್ರೆ ನಿಂಗೆ ಬಸ್ಸು ಹತ್ತಿ ಹೋಗೋಕೆ ಮನೆ ಇದೆ. ಎರಡು ವರ್ಷ ಮಾತು ಬಿಟ್ರೂ ಬ್ಯಾಗು ಹಿಡ್ಕೊಂಡು ಬರೋ ಅಪ್ಪ ಇದ್ದಾರೆ. ನಂಗೆ ಈ ಬಾಗಿಲು ಹಾಕಿದ್ರೆ ಹೊರಗಿನ ಮೆಟ್ಟಿಲೇ ಗತಿ. ನಿನ್ನ ಹಟಕ್ಕೆ ಬೆನ್ನಿದೆ, ನನ್ನದಕ್ಕೆ ಇಲ್ಲ.”

ನನ್ನ ಕರಪತ್ರಗಳಲ್ಲಿ ಇದಕ್ಕೆ ಉತ್ತರ ಇರಬೇಕು. ದೊಡ್ಡಮ್ಮನ ಮೇಲೆ, ಕ್ಯಾಂಟೀನಿನ ನಗುವಿನ ಮೇಲೆ, ನಿಮ್ಮ ಮೇಲೆ ನನಗೆ ಬಂದಿದ್ದ ಹೇಸಿಗೆಯನ್ನೇ ಕಡ್ಡಿಯ ಮೇಲೂ ತಂದುಕೊಳ್ಳಲು ನೋಡಿದೆ. ಅವಳ ಆ ಬೆರಳುಗಳು ಮೇಜಿನ ಮೇಲೆ ಬಿಸಾಡಿದ ಹಾಗೆ ಬಿದ್ದಿದ್ದವು. ಹೇಸಿಗೆ ಬರಲಿಲ್ಲ ಅಪ್ಪ.

ನಾನು ಶನಿವಾರದ ಬಸ್ಸಿಗೆ ಬರುತ್ತೇನೆ. ಬರಲು ಒಂದು ಮನೆ ಇದೆ ಎಂಬುದೇ ಕದ್ದ ವಸ್ತುವಿನ ಹಾಗೆ ಅನ್ನಿಸುತ್ತಿದೆ. ಅತ್ತೆಗೆ ಹೇಳಿ.

ಸಹಿ ಹಾಕಲು ಅವಳಿಗೆ ಆಗುತ್ತಿರಲಿಲ್ಲ. ಎಡಗೈ ಅಭ್ಯಾಸವಿಲ್ಲ, ಬಲಗೈಯಲ್ಲಿ ಕಾಗದ ಒತ್ತಿಕೊಳ್ಳುವ ಬಲವಿಲ್ಲ. ಪೆನ್ನು ಊರಿದ ಕಡೆಯೆಲ್ಲ ಕಾಗದ ತಿರುಗಿಕೊಂಡು ಹೋಗುತ್ತಿತ್ತು. “ಏನು ನೋಡ್ತಾ ನಿಂತಿದ್ದೀಯ” ಅಂದಳು, “ಉಗುಳೋದಿದ್ರೆ ಉಗುಳಿ ಬಾ. ಬಂದು ಇದನ್ನ ಹಿಡ್ಕೋ.”

ನಾನು ಎದುರು ಕೂತು ಎರಡೂ ಕೈಯಲ್ಲಿ ಕಾಗದದ ಅಂಚು ಒತ್ತಿ ಹಿಡಿದೆ. ಅವಳು ಒಂದೊಂದೇ ಅಕ್ಷರ ಬರೆದಳು. ಮುಗಿಯುವ ತನಕ ಹಿಡಿದುಕೊಂಡಿದ್ದೆ.

ನಿಮ್ಮ ಮಗಳು